ಬಲ ಮೂಲೆಯಲ್ಲಿ ಕೂತವರು

ಕಡಬದ ಬಸ್ ನಿಲ್ದಾಣದ ಎದುರು ಹದಿನೈದು ದಿನ ಒಂದು ಶ್ರದ್ಧಾಂಜಲಿಯ ಫ್ಲೆಕ್ಸ್ ನಿಂತಿತ್ತು. ಅದರಲ್ಲಿ ಒಬ್ಬ ಗಂಡಸು ನಗುತ್ತಿದ್ದರು. ಬೆಳ್ಳಗಿನ, ಒಂದು ಕಲೆಯೂ ಇಲ್ಲದ ನುಣುಪು ಮುಖ. ಹಲ್ಲುಗಳೆಲ್ಲ ಒಂದೇ ಅಳತೆಯವು. ಕೆಳಗಿದ್ದ ಹೆಸರು, ಊರು, ಉತ್ತರಕ್ರಿಯೆಯ ದಿನ ಎಲ್ಲ ಸರಿಯಾಗಿದ್ದವು. ಮುಖ ಮಾತ್ರ ತೀರಿಹೋದವರದ್ದಲ್ಲ. ಯಾರದ್ದೆಂದು ಕೇಳಿದರೆ ನನಗೂ ಗೊತ್ತಿಲ್ಲ. ಆ ಫ್ಲೆಕ್ಸ್ ಮಾಡಿದವಳು ನಾನು.

ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಹಲವರ ಮೇಲೆ ನಾನು ಸಿಟ್ಟು ಮಾಡುವವಳಿದ್ದೇನೆ. ಆ ಸಾಲಿನಿಂದ ನನ್ನನ್ನು ಹೊರಗಿಟ್ಟುಕೊಂಡರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಅವರ ನಿಜವಾದ ಮುಖ ಹೀಗಿತ್ತು. ಚೆನ್ನಾಗಿ ಕಪ್ಪು. ಎಡ ಕಿವಿಯ ಬುಡದಿಂದ ಗದ್ದದವರೆಗೆ ಇಳಿದ ಬಿಳಿ ತೊನ್ನು, ಕೆಳತುಟಿಯ ಅರ್ಧವನ್ನೂ ಹಿಡಿದುಕೊಂಡಿತ್ತು. ಎದುರಿನ ಒಂದು ಹಲ್ಲು ಓರೆ. ನಗುವಾಗ ಅದು ಕಾಣಬಾರದೆಂದು ತುಟಿಯನ್ನು ಒಂದು ಬದಿಗೆ ಎಳೆಯುತ್ತಿದ್ದರು. ಹಾಗಾಗಿ ಅವರು ನಕ್ಕಾಗಲೆಲ್ಲ ನಮ್ಮ ಮಾತಿನ ಮೇಲೆ ಏನೋ ಸಂಶಯ ಬಂದವರ ಹಾಗೆ ಕಾಣುತ್ತಿತ್ತು. ಪೇಟೆಯಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ. ‘ಫೋಟೋದಣ್ಣ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ನಾನೂ ಅಣ್ಣ ಎಂದೇ ಕರೆದದ್ದು.

ನಾನು ಆಲೆಟ್ಟಿಯವಳು. ಮದುವೆಯಾಗಿ ಕಡಬಕ್ಕೆ ಬಂದ ಮರುವರ್ಷ ಪೇಟೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಅಭಿನಂದನೆಯ ಫ್ಲೆಕ್ಸು ನನ್ನ ಪಾಲಿಗೆ. ತೀರಿಹೋದವರ ಫೋಟೋದ ಕೆಲಸವೆಲ್ಲ ಅಲ್ಲಿ ಮೊದಲಿನಿಂದ ಇದ್ದ ಅಣ್ಣನ ಪಾಲಿಗೆ. ನಮ್ಮ ಕಡೆಯ ಹಳಬರಲ್ಲಿ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡವರು ಅಪರೂಪ. ಸತ್ತ ಮೇಲೆ ಮನೆಯವರು ಯಾರದೋ ಮದುವೆಯ ಗುಂಪು ಫೋಟೋ ಹಿಡಿದುಕೊಂಡು ಬರುತ್ತಾರೆ. “ಎರಡನೇ ಸಾಲಲ್ಲಿ ಆ ಕೆಂಪು ಸೀರೆಯ ಹಿಂದೆ ಅರ್ಧ ಕಾಣುವವರು ಉಂಟಲ್ಲ, ಅವರೇ” ಎನ್ನುತ್ತಾರೆ. ಆ ಅರ್ಧ ಮುಖವನ್ನು ಅಲ್ಲಿಂದ ಬಿಡಿಸಿ, ಪೂರ್ತಿ ಮಾಡಿ, ಗೋಡೆಗೆ ಏರಿಸುವ ಹಾಗೆ ಮಾಡಿಕೊಡಬೇಕು.

ಸೇರಿದ ದಿನ ಅಣ್ಣನ ಕಂಪ್ಯೂಟರಿನ ಪರದೆಯ ಎಡ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಬ್ಬ ಅಜ್ಜನ ಮುಖ ಕಂಡಿತು. ಸುತ್ತ ಅಂಚಿಲ್ಲ, ಮೇಲೆ ಪಟ್ಟಿಯಿಲ್ಲ, ಮುಚ್ಚುವ ಗುರುತೂ ಇಲ್ಲ. ಯಾರೋ ಪಾಸ್‌ಪೋರ್ಟ್ ಫೋಟೋವನ್ನು ಗಾಜಿಗೇ ಅಂಟಿಸಿದ್ದಾರೆ ಎಂದುಕೊಂಡು ಉಗುರಿನಿಂದ ಕೆರೆಯಲು ಹೋದೆ.

“ಅವರಿಗೆ ನೋವಾಗ್ತದೆ ಮಾರಾಯ್ತಿ,” ಎಂದರು ಅಣ್ಣ.

ಯಾರೋ ಹಾಕಿಕೊಟ್ಟ ಒಂದು ಪುಟ್ಟ ಪ್ರೋಗ್ರಾಮು ಅದು. ಚಿತ್ರವನ್ನು ಅಂಚಿಲ್ಲದೆ ಪರದೆಯ ಮೂಲೆಯಲ್ಲಿ ಕೂರಿಸುತ್ತದೆ. ಮೇಲೆ ಏನು ತೆರೆದರೂ ಅದು ಅಡಿಗೆ ಹೋಗುವುದಿಲ್ಲ. ಅವರು ಮದುವೆ ಕಾಗದ ತಿದ್ದುವಾಗಲೂ, ಯಾರದೋ ರೇಷನ್ ಕಾರ್ಡು ಸ್ಕ್ಯಾನ್ ಮಾಡುವಾಗಲೂ ಆ ಅಜ್ಜ ಮೂಲೆಯಲ್ಲಿ ಕೂತು ನೋಡುತ್ತಲೇ ಇದ್ದರು. ಅವರ ಕೆಲಸದ ಕ್ರಮವೇ ಹಾಗೆ. ಹೊಸ ಮುಖ ಬಂದರೆ ತಕ್ಷಣ ಕೈ ಹಾಕುವವರಲ್ಲ. ಗುಂಪು ಫೋಟೋದಿಂದ ಒರಟಾಗಿ ಕತ್ತರಿಸಿ ಎಡ ಮೂಲೆಯಲ್ಲಿ ಇಟ್ಟು, “ಕೂತ್ಕೊಳ್ಳಿ” ಎಂದು ಮೆಲ್ಲಗೆ ಹೇಳಿ, ಅರ್ಧ ದಿನ ಬೇರೆ ಕೆಲಸ ಮಾಡುತ್ತಿದ್ದರು. ನಡುನಡುವೆ ಕಣ್ಣು ಅತ್ತ ಹೋಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಕೂತವರ ಎದುರು ತಿನ್ನುವುದು ಹೇಗೆ ಎಂಬುದು ಅವರ ಸಂಕೋಚ.

“ಅರ್ಧ ದಿನ ಯಾಕೆ ಅಣ್ಣ?” ಎಂದು ಕೇಳಿದ್ದೆ.

“ನೀನು ಹೊಸ ಮನೆಗೆ ಹೋದ ದಿನವೇ ಅತ್ತೆಯ ಗುಣ ಗೊತ್ತಾಯ್ತಾ? ಹಾಗೆಯೇ ಇದು. ಸ್ವಲ್ಪ ಒಟ್ಟಿಗೆ ಕೂತ್ರೆ ಯಾವುದು ಕೊಳೆ, ಯಾವುದು ಮುಖ ಅಂತ ತಿಳೀತದೆ. ಫಂಗಸ್ ಹಿಡಿದದ್ದನ್ನು ತೆಗೀಬೇಕು. ಮುಖವನ್ನು ತೆಗೀಲಿಕ್ಕೆ ನಾವು ಯಾರು?”

ಅಂಚು ಹಾಕುವುದು ಅವರ ಕೊನೆಯ ಕೆಲಸ. ಎಲ್ಲ ಮುಗಿದ ಮೇಲೆ ಕಪ್ಪು ಗೆರೆ ಎಳೆದು, ಒಂದು ಕ್ಷಣ ಕೈ ಎತ್ತಿ, ಮೂಲೆಯ ಪುಟ್ಟ ಚಿತ್ರವನ್ನು ಮುಚ್ಚುತ್ತಿದ್ದರು. “ಅಂಚು ಬಿದ್ದ ಮೇಲೆಯೇ ಅವರು ತೀರಿಹೋಗುದು. ಅಲ್ಲಿವರೆಗೆ ನಮ್ಮೊಟ್ಟಿಗೆ ಇದ್ದಾರೆ,” ಎನ್ನುವರು. ಮೊದಮೊದಲು ನನಗೆ ಇದು ಸ್ವಲ್ಪ ಹೆಚ್ಚಾಯಿತು ಎನಿಸುತ್ತಿತ್ತು. ಆಮೇಲೆ ಪೆರಾಬೆಯ ಅಜ್ಜಿ ಬಂದರು.

ಆ ಅಜ್ಜಿ ಗಂಡನ ಫೋಟೋ ತಂದಿದ್ದರು. ಅವರೊಟ್ಟಿಗೆ ಬಂದಿದ್ದ ಅಳಿಯ, “ಮಾವನಿಗೆ ಒಂದು ಕಣ್ಣು ಓರೆ ಇತ್ತು, ಅದನ್ನು ನೇರ ಮಾಡ್ಬೇಕು” ಎಂದು ಹೇಳಿ ಹೋದ. ಅಣ್ಣ ಅರ್ಧ ದಿನ ಆ ಮುಖದೊಟ್ಟಿಗೆ ಕೂತರು. ಕಣ್ಣನ್ನು ಮುಟ್ಟಲಿಲ್ಲ. ಮರುದಿನ ಅಳಿಯ ನೋಡಿ ಮುಖ ಗಂಟಿಕ್ಕಿದ. ಅಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ತಂದು ನೋಡಿ, “ಇದೇ ಕಣ್ಣು. ಈ ಕಣ್ಣಲ್ಲೇ ನನ್ನನ್ನು ನೋಡ್ತಾ ಇದ್ದದ್ದು. ಇನ್ನೊಂದು ರಸ್ತೆ ನೋಡ್ತಿತ್ತು,” ಎಂದರು. ಅಣ್ಣ ತುಟಿಯನ್ನು ಒಂದು ಬದಿಗೆ ಎಳೆದುಕೊಂಡು ನಕ್ಕರು. ಅಜ್ಜಿಗೆ ಓದಲು ಬಾರದು. ಫೋಟೋದ ಕೆಳಗಿದ್ದ ಹೆಸರನ್ನು ಬೆರಳಿನಿಂದ ಸವರಿ, ಇದು ಅವರದ್ದೇ ಹೆಸರು ತಾನೇ ಎಂದು ನನ್ನನ್ನು ಕೇಳಿಕೊಂಡರು. ಮುಖದ ವಿಷಯ ಕೇಳಲಿಲ್ಲ.

ಈ ಎಡ ಮೂಲೆಯಿಂದ ಒಮ್ಮೆ ದೊಡ್ಡ ಅಧ್ವಾನವೂ ಆಯಿತು. ಸುಬ್ರಹ್ಮಣ್ಯ ಕಡೆಯ ಒಬ್ಬ ಮುಖಂಡರಿಗೆ ಏನೋ ಸನ್ಮಾನ ಇತ್ತು. ಬದುಕಿರುವವರ ಕೆಲಸ ನನ್ನದು, ಆದರೆ ಅಂದು ನಾನು ರಜೆ. ಅಣ್ಣ ಅವರ ಫೋಟೋವನ್ನೂ ಅಭ್ಯಾಸಬಲದಿಂದ ಮೂಲೆಯಲ್ಲಿ ಕೂರಿಸಿದರು. ಜೆರಾಕ್ಸಿಗೆ ಬಂದ ಒಬ್ಬರು ಅದನ್ನು ಕಂಡರು. ಆ ಮೂಲೆಯಲ್ಲಿ ಕೂರುವವರು ಯಾರೆಂದು ಪೇಟೆಗೇ ಗೊತ್ತಿತ್ತಲ್ಲ, ಅವರು ಯಾರನ್ನೂ ಏನೂ ಕೇಳದೆ ಹೊರಗೆ ಹೋಗಿ ಫೋನು ಮಾಡಿದರು. ಮುಖಂಡರು ಪುತ್ತೂರಿಗೆ ಹೋದವರು ಸಂಜೆ ಮನೆಗೆ ತಲುಪುವಾಗ ಅಂಗಳದಲ್ಲಿ ಐವತ್ತು ಜನ, ಇಬ್ಬರು ಕಟ್ಟಿಗೆ ಒಡೆಯುತ್ತಿದ್ದರು. ಮರುದಿನ ಅವರು ಅಂಗಡಿಗೆ ಬಂದು ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಅಣ್ಣ ಎದ್ದು ನಿಂತು, “ತಪ್ಪಾಯ್ತು. ಇನ್ನು ಬದುಕಿದ್ದವರನ್ನು ಬಲ ಮೂಲೆಯಲ್ಲಿ ಕೂರಿಸ್ತೇನೆ,” ಎಂದರು. ಮುಖಂಡರು ಸ್ವಲ್ಪ ಹೊತ್ತು ಯೋಚಿಸಿ, “ನನ್ನನ್ನು ಈಗ ಬಲಗಡೆ ಹಾಕಿ ನೋಡುವ” ಎಂದರು. ಹಾಕಿದ ಮೇಲೆ ಚಹಾ ಕುಡಿದು ಹೋದರು. ಅಂದಿನಿಂದ ಎಡ ಮೂಲೆ ತೀರಿಹೋದವರಿಗೆ, ಬಲ ಮೂಲೆ ಇದ್ದವರಿಗೆ. ಇದೂ ಪೇಟೆಗೆಲ್ಲ ಗೊತ್ತಾಯಿತು.

ಚಹಾದ ಮಾತು ಬಂತಲ್ಲ. ಆ ಮುಖಂಡರು ಚಹಾ ಕುಡಿದದ್ದು ನಾನು ಕೊಟ್ಟ ಲೋಟದಲ್ಲಿ. ಅಣ್ಣ ಯಾರಿಗೂ ಲೋಟವನ್ನು ಕೈಯಲ್ಲಿ ಕೊಡುತ್ತಿರಲಿಲ್ಲ. ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಯಾಕೆಂದು ನನಗೆ ತಿಳಿಯಲು ತಿಂಗಳುಗಳೇ ಬೇಕಾದವು. ಕೈಯಲ್ಲಿ ಕೊಟ್ಟಾಗ ಜನ ಲೋಟವನ್ನು ಬಾಯಿಗಿಡದೆ ಹಾಗೆಯೇ ಬಿಟ್ಟು ಹೋಗುವುದನ್ನು ಅವರು ಸಾಕಷ್ಟು ಸಲ ಕಂಡಿದ್ದರು. ತೊನ್ನು ಅಂಟುವುದಿಲ್ಲ ಎಂದು ಶಾಲೆಯಲ್ಲಿ ಕಲಿತವರು, ಕಲಿಸಿದವರೂ ಆ ಸಾಲಿನಲ್ಲಿದ್ದರು. ಮದುವೆ ಕಾಗದದ ಪ್ರೂಫನ್ನು ಅವರ ಕೈಯಿಂದ ತೆಗೆದುಕೊಳ್ಳದೆ, “ಆ ಹುಡುಗಿಯ ಹತ್ರ ಕೊಡ್ಲಿಕ್ಕೆ ಹೇಳಿ” ಎಂದ ಹೆಂಗಸೊಬ್ಬರನ್ನು ನಾನಿನ್ನೂ ಮರೆತಿಲ್ಲ. ಶುಭಕಾರ್ಯವಂತೆ. ಮೈಯೆಲ್ಲ ಉರಿದು ನಾನು ಏನೋ ಹೇಳಲು ಹೊರಟೆ. ಅಣ್ಣ ಕಣ್ಣಿನಲ್ಲೇ ಬೇಡ ಎಂದರು. ಬೇಡ ಎಂದದ್ದಕ್ಕೆ ನನಗೆ ಅವರ ಮೇಲೂ ಸಿಟ್ಟು ಬಂತು.

ಒಬ್ಬ ಗಿರಾಕಿಯಂತೂ ಎದುರಿಗೇ ಕೇಳಿದ: “ಅಷ್ಟೆಲ್ಲ ಕೆಲಸ ಗೊತ್ತುಂಟಲ್ಲ, ನಿಮ್ಮ ಫೋಟೋದಲ್ಲಾದ್ರೂ ಅದನ್ನು ತೆಗೀಬಹುದಲ್ಲ?”

“ತೆಗೀಬಹುದು,” ಎಂದರು ಅಣ್ಣ. “ಮತ್ತೆ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವವರು ಯಾರು ಅಂತ ಮನೆಯವಳತ್ರ ಕೇಳ್ಬೇಕಾಗ್ತದೆ.”

ಅವರಿಗೆ ಅಂಗಡಿಯಿಂದ ಹೋಗಿ ಎಂದು ಯಾರೂ ಹೇಳಲಿಲ್ಲ. ನಮ್ಮ ಧಣಿಗೆ ಹಾಗೆ ಹೇಳುವ ಧೈರ್ಯ ಇರಲಿಲ್ಲ. ಒಂದು ದಿನ ಅಣ್ಣ ಮಧ್ಯಾಹ್ನ ಪೋಸ್ಟ್ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಅವರ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಕೂತಿತ್ತು. ಅದರಲ್ಲಿ ಒಂದು ಹೊಸ ತಂತ್ರಾಂಶ. ಎಷ್ಟು ಹಳೆಯ, ಎಷ್ಟು ಮಸುಕಾದ ಫೋಟೋ ಕೊಟ್ಟರೂ ಒಂದೇ ಗುಂಡಿ. ಸುಕ್ಕು ಹೋಯಿತು, ಕಲೆ ಹೋಯಿತು, ಇಲ್ಲದ ಹಲ್ಲು ಬಂತು, ಕಪ್ಪಗಿದ್ದವರು ಬೆಳ್ಳಗಾದರು, ಗಂಭೀರವಾಗಿದ್ದವರು ನಗತೊಡಗಿದರು. ಅಂದು ಬೆಳಿಗ್ಗೆ ಎಡ ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸನ್ನು ಧಣಿ ಆಗಲೇ ಗುಂಡಿ ಒತ್ತಿ ಮುಗಿಸಿದ್ದರು. “ನೋಡಿ, ಅರ್ಧ ನಿಮಿಷ. ನೀವು ಅರ್ಧ ದಿನ ಮುಖ ನೋಡ್ತಾ ಕೂತ್ರೆ ಅಂಗಡಿ ನಡಿತದಾ?” ಎಂದರು.

ಅಣ್ಣ ಆ ಮುಖವನ್ನು ನೋಡಿದರು. ಆಮೇಲೆ ಖಾಲಿ ಮೂಲೆಯನ್ನು ನೋಡಿದರು. ಅವರ ಪುಟ್ಟ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ. “ಇನ್ನು ಇವರನ್ನು ಎಲ್ಲಿ ಕೂರಿಸುದು?” ಎಂದು ಕೇಳಿದರು. ಧಣಿ ಅದನ್ನು ತಮಾಷೆ ಎಂದುಕೊಂಡು ನಕ್ಕರು. ನನಗೆ ಇವತ್ತಿಗೂ ತಡೆದುಕೊಳ್ಳಲು ಆಗದ್ದು ಆ ನಗು. ಸಿಟ್ಟಿನಿಂದ ಏನಾದರೂ ಅಂದಿದ್ದರೆ ಸಹಿಸಬಹುದಿತ್ತು. ಅದಕ್ಕಿಂತಲೂ ಬೇಸರದ ಸಂಗತಿ ಎಂದರೆ ಗಿರಾಕಿಗಳಿಗೆ ಹೊಸ ಮುಖಗಳೇ ಇಷ್ಟವಾದವು. “ಅಮ್ಮ ಎಷ್ಟು ಚಂದ ಬಂದಿದ್ದಾರೆ” ಎಂದು ಮಕ್ಕಳು ಯಾರದೋ ಅಮ್ಮನನ್ನು ಕವರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು.

ಎರಡು ವಾರ ಅಣ್ಣ ಬಂದರು, ಲೆಟರ್‌ಹೆಡ್ಡು ತಿದ್ದುವಂಥ ಕೆಲಸ ಮಾಡಿದರು, ಆಮೇಲೆ ಇನ್ನು ಬರುವುದಿಲ್ಲ ಎಂದರು. ಕೊನೆಯ ದಿನ ಅವರು ಕಿಟಕಿಯ ಹತ್ತಿರ ನಿಂತಿದ್ದಾಗ ಅವರದ್ದೊಂದು ಫೋಟೋ ತೆಗೆಯಬಹುದೇ ಎಂದು ಕೇಳಿದೆ. ಅಷ್ಟು ವರ್ಷ ಪಕ್ಕದಲ್ಲಿ ಕೆಲಸ ಮಾಡಿದ್ದರೂ ನನ್ನಲ್ಲಿ ಅವರ ಒಂದು ಫೋಟೋ ಇರಲಿಲ್ಲ. ಬೆಳಕು ತೊನ್ನಿದ್ದ ಎಡ ಕೆನ್ನೆಯ ಮೇಲೆ ಬೀಳುತ್ತಿತ್ತು. ಅವರು ಮುಖವನ್ನು ಆಚೆ ತಿರುಗಿಸಲಿಲ್ಲ.

“ತೆಗಿ,” ಎಂದರು. “ಎಂತ ಮಾಡುದಿದ್ರೂ ಇದ್ದ ಹಾಗೆ ಇರ್ಲಿ, ಆಯ್ತಾ?”

“ಆಯ್ತು ಅಣ್ಣ,” ಎಂದೆ.

ಎಂಟು ತಿಂಗಳ ನಂತರ, ಒಂದು ಬೆಳಿಗ್ಗೆ ಅಂಗಡಿ ತೆರೆದಾಗ ಅವರ ಮಗ ಬಾಗಿಲಲ್ಲಿ ನಿಂತಿದ್ದ. ಹಿಂದಿನ ದಿನ ಎದೆನೋವು ಬಂದು, ಪುತ್ತೂರಿನ ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿಬಿಟ್ಟರಂತೆ. ಅವರ ಮನೆಯಲ್ಲಿ ಅವರೊಬ್ಬರದೇ ಆದ ಫೋಟೋ ಇರಲಿಲ್ಲ. ನನ್ನ ಮೊಬೈಲಿನದ್ದೇ ಬೇಕಾಯಿತು. ಧಣಿ ಹಿಂದೆ ನಿಂತು ಬೇಗ ಬೇಗ ಎನ್ನುತ್ತಿದ್ದರು. ಫೋಟೋ ಪರದೆಗೆ ಬಂದಾಗ ಮಗ ತಗ್ಗಿದ ದನಿಯಲ್ಲಿ ಹೇಳಿದ: “ಆ ಬಿಳಿ ತೆಗೀರಿ ಅಕ್ಕ. ತಂಗಿಗೆ ಸಂಬಂಧ ನೋಡ್ತಾ ಇದ್ದೇವೆ. ಬಂದವರು ಮೊದಲು ನೋಡುದು ಗೋಡೆಯನ್ನೇ.”

ನಾನು ಏನು ಹೇಳಬೇಕಿತ್ತು ಎಂಬುದನ್ನು ಆಮೇಲೆ ನೂರು ಸಲ ಹೇಳಿಕೊಂಡಿದ್ದೇನೆ. ನಿಮ್ಮ ಅಪ್ಪ ಒಪ್ಪುತ್ತಿರಲಿಲ್ಲ ಎನ್ನಬಹುದಿತ್ತು. ಅರ್ಧ ದಿನ ಕೊಡಿ ಎನ್ನಬಹುದಿತ್ತು. ನನಗೆ ಬರುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ನಾನು ಗುಂಡಿ ಒತ್ತಿದೆ. ಅರ್ಧ ನಿಮಿಷದಲ್ಲಿ ತೊನ್ನು ಹೋಯಿತು, ಅದರೊಟ್ಟಿಗೆ ಕಪ್ಪು ಬಣ್ಣವೂ ಓರೆ ಹಲ್ಲೂ ಹೋದವು. ತುಟಿಯ ಎಳೆತ ನೇರವಾಗಿ, ಸಂಶಯದ ನಗು ಜಾಹೀರಾತಿನ ನಗುವಾಯಿತು. ನಾನು ಕಪ್ಪು ಅಂಚು ಹಾಕಿದೆ. ಅವರನ್ನು ಎಡ ಮೂಲೆಯಲ್ಲಿ ಒಂದು ನಿಮಿಷವೂ ಕೂರಿಸಲಿಲ್ಲ.

ಉತ್ತರಕ್ರಿಯೆಯ ದಿನ ಅವರ ಮನೆಗೆ ಹೋದೆ. ಜಗಲಿಯಲ್ಲಿ ಅದೇ ಮುಖ ಚೌಕಟ್ಟಿನೊಳಗೆ, ಹೂವಿನ ಮಾಲೆಯೊಳಗೆ ನಗುತ್ತಿತ್ತು. ಬಂದವರು ಕೈಮುಗಿದು ಊಟಕ್ಕೆ ಹೋಗುತ್ತಿದ್ದರು. ಕೆಲವರು, ‘ಪ್ರಾಯದಲ್ಲಿ ತೆಗೆದದ್ದಾಗಿರಬೇಕು’ ಎಂದುಕೊಂಡರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಆ ಫೋಟೋಗೆ ಬೆನ್ನು ಮಾಡಿ ನಿಂತಿದ್ದರು. ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ಬೆಳಿಗ್ಗೆಯಿಂದ ಜಗಲಿಯಲ್ಲಿರುವವರಿಗೆ ಹೂ ಹಾಕಿದೆ, ದೀಪ ಇಟ್ಟೆ,” ಎಂದರು. “ನಮ್ಮವರಿಗೆ ಇನ್ನೂ ಹಾಕ್ಲಿಲ್ಲ. ನಿನ್ನ ಹತ್ರ ಇದ್ದಾರಾ?”

ನಾನು ಊಟಕ್ಕೆ ನಿಲ್ಲದೆ ಹೊರಟೆ. ಮರುದಿನ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಆ ಪುಟ್ಟ ಪ್ರೋಗ್ರಾಮನ್ನು ಹುಡುಕಿ ನನ್ನದರಲ್ಲಿ ಹಾಕಿಕೊಂಡೆ. ಧಣಿ ಎಂತ ಅದು ಎಂದು ಕೇಳಿದರು. ಕೆಲಸ ಎಂದೆ. ಮೊಬೈಲಿನಲ್ಲಿದ್ದ ಅಣ್ಣನ ಚಿತ್ರವನ್ನು ಇದ್ದ ಹಾಗೆಯೇ ಇಟ್ಟು, ಅರ್ಧ ದಿನವಲ್ಲ, ಪೂರ್ತಿ ದಿನ ಅದರೊಟ್ಟಿಗೆ ಕೂತೆ. ಮೊಬೈಲಿನ ಕ್ಯಾಮೆರಾದ ಗಾಜಿನ ಮೇಲಿದ್ದ ಎರಡು ಧೂಳಿನ ಚುಕ್ಕೆ ಚಿತ್ರದಲ್ಲಿ ಬಂದಿತ್ತು, ಅದನ್ನಷ್ಟೇ ತೆಗೆದೆ. ಅಂಚು ಹಾಕದೆ ಪ್ರಿಂಟ್ ಮಾಡಿ ಅತ್ತಿಗೆಗೆ ತಲುಪಿಸಿದೆ.

ಅವರು ಕಿವಿಯ ಬುಡದಿಂದ ಗದ್ದದವರೆಗೆ ಆ ಬಿಳಿಯ ಮೇಲೆ ಬೆರಳು ಇಳಿಸಿದರು. ಆ ದಾರಿ ಅವರ ಬೆರಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಗೋಡೆಯ ಮೇಲಿದ್ದವನ ಕಡೆ ಒಮ್ಮೆ ನೋಡಿದರು. ಆಮೇಲೆ ಕಪಾಟು ತೆರೆದು, ಮದುವೆಯ ಸೀರೆಯ ಮಡಿಕೆಯೊಳಗೆ ಚಿತ್ರವನ್ನು ಇಟ್ಟು, “ಮಗಳ ಮದುವೆ ಒಂದು ಆಗ್ಲಿ. ಮತ್ತೆ ಹಾಕುವ,” ಎಂದರು.

ನಾನು ಬಸ್ಸಿನಲ್ಲಿ ಅಳುತ್ತಾ ಬಂದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಇನ್ನೊಬ್ಬರ ಮುಖದ ಒಂದು ಗಾಯದ ಗುರುತನ್ನೂ ಅಳಿಸಲು ಒಪ್ಪದೆ ಕೆಲಸ ಬಿಟ್ಟ ಮನುಷ್ಯ, ಸ್ವಂತ ಮನೆಯ ಗೋಡೆಗೆ ಬರಲು ಯಾವನೋ ವರ ಒಪ್ಪುವವರೆಗೆ ಕಪಾಟಿನಲ್ಲಿ ಕಾಯಬೇಕು. ಗೋಡೆ ನೋಡಿ ಹೆಣ್ಣು ಒಪ್ಪುವವರ ಮೇಲೆ ನನಗೆ ಸಿಟ್ಟು. ಅವರಿಗೆ ಹೆದರುವ ಮಗನ ಮೇಲೆ, ನಕ್ಕ ಧಣಿಯ ಮೇಲೆ, ಬಾಯಿಗಿಡದೆ ಬಿಟ್ಟುಹೋದ ಅಷ್ಟೂ ಲೋಟಗಳ ಮೇಲೆ ಸಿಟ್ಟು. ಗುಂಡಿ ಒತ್ತಿದ ಈ ಬೆರಳಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಅಂದಿನಿಂದ ಅವರು ನನ್ನ ಪರದೆಯಲ್ಲಿ ಕೂತಿದ್ದಾರೆ. ಬೆಂಕಿಪೊಟ್ಟಣದಷ್ಟು, ಅಂಚಿಲ್ಲದೆ. ಕೂರಿಸಿದ್ದು ಬಲ ಮೂಲೆಯಲ್ಲಿ. ಅದು ಸರಿಯಲ್ಲವೆಂದು ಗೊತ್ತು, ಆದರೆ ಎಡಗಡೆ ಎಳೆಯಲು ಕೈ ಬರಲಿಲ್ಲ. ಈಗ ಇದನ್ನು ಟೈಪ್ ಮಾಡುವಾಗಲೂ ಅಲ್ಲೇ ಇದ್ದಾರೆ, ಬರೆದದ್ದರ ಮೇಲೆ ಸಂಶಯ ಇರುವವರ ಹಾಗೆ.

ಮೊನ್ನೆ ಪೆರಾಬೆಯ ಅಜ್ಜಿ ಬಂದರು. ಮೊದಲಿಗಿಂತ ಬಗ್ಗಿದ್ದಾರೆ, ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಸೆರಗಿನಿಂದ ಒಂದು ಫೋಟೋ ತೆಗೆದು ನನ್ನ ಮುಂದೆ ಇಟ್ಟರು. ಅದು ಅವರದ್ದೇ.

“ನನ್ನದನ್ನು ಈಗಲೇ ಮಾಡಿಸಿಡ್ತೇನೆ. ನಾನು ಹೋದ ಮೇಲೆ ಅಳಿಯ ಎಲ್ಲಾದ್ರೂ ಹಲ್ಲು ಹಾಕಿಸಿದ್ರೆ ಕಷ್ಟ,” ಎಂದರು. “ಫೋಟೋದಣ್ಣನ ಕೈಯಿಂದಲೇ ಆಗ್ಬೇಕು. ಅವರು ಎಲ್ಲಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಪರದೆಯತ್ತ ಬಗ್ಗಿದರು. ಮುಖ ಅರಳಿತು.

“ಇಗೊ, ಬಲಗಡೆ ಇದ್ದಾರಲ್ಲ. ಊಟಕ್ಕೆ ಹೋದದ್ದಾ? ಕಾಯ್ತೇನೆ.”

ಸುಳ್ಳು ಮುಖ ಒಂದು ಮಾಡಿ ಆಗಿತ್ತು, ಇನ್ನೊಂದು ಸುಳ್ಳು ನನ್ನಿಂದ ಸಾಧ್ಯವಿರಲಿಲ್ಲ. “ಇಲ್ಲ ಅಜ್ಜಿ, ಅವರು ಕಳೆದ ಬೇಸಿಗೆಯಲ್ಲೇ ತೀರಿಹೋದ್ರು. ನಾನು ತಪ್ಪು ಮೂಲೆಯಲ್ಲಿ ಇಟ್ಟದ್ದು,” ಎಂದೆ. ಅಜ್ಜಿ ಬೆಂಚಿನ ಮೇಲೆ ಕೂತುಬಿಟ್ಟರು.

“ಯಾರೂ ಹೇಳ್ಲಿಲ್ಲ ನನಗೆ,” ಎಂದರು. “ಹೇಳಿದ್ರೆ ಬಂದು ಒಂದು ಕೈ ಮುಗೀತಿದ್ದೆ. ಫ್ಲೆಕ್ಸ್ ಹಾಕ್ಲಿಲ್ವಾ? ಆಗ ನಾನು ಮಂಡಿನೋವಿನ ಮದ್ದಿಗೆ ಪೇಟೆಗೆ ಬರ್ತಾ ಇದ್ದೆ. ಮೂರು ಸಲ ಬಂದಿದ್ದೇನೆ.”

“ಬಸ್ಸಿಗೆ ಎಲ್ಲಿ ಕಾಯ್ತಿದ್ರಿ ಅಜ್ಜಿ?”

“ಅಲ್ಲೇ, ನಿಲ್ದಾಣದ ಎದುರು. ಒಬ್ಬರು ನಗುವ ಫ್ಲೆಕ್ಸ್ ಇತ್ತಲ್ಲ, ಅದರ ನೆರಳಲ್ಲಿ.” ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. “ಅದು ಯಾರು ಮಾರಾಯ್ತಿ? ಪಾಪ, ಪ್ರಾಯದವರು.”